ದಪ್ಪ ಗಾಲಿಯ ಗೆರೆ

ಗಾಲಿಯ ಗೆರೆ ಸ್ಕೀ ಹಾದಿಯನ್ನು ಬಿಟ್ಟು ನೇರವಾಗಿ ಸರೋವರಕ್ಕೆ ಇಳಿದಿತ್ತು. ವಿಲ್ಯೋ ತನ್ನ ಹಿಮಬಂಡಿಯನ್ನು ದಡದಲ್ಲಿ ನಿಲ್ಲಿಸಿ, ಗುರುಗುಟ್ಟುವ ಇಂಜಿನ್ನಿನ ಮೇಲೆ ಕೂತೇ ಆ ಗೆರೆಯನ್ನು ನೋಡಿದ. ಹೋದ ಗೆರೆ ಇತ್ತು, ಬಂದ ಗೆರೆ ಇರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೇ ಡಿಸೆಂಬರಿನ ಬೆಳಕು ಮಂಕಾಗತೊಡಗಿತ್ತು.

ಇಪ್ಪತ್ತೆರಡು ಚಳಿಗಾಲಗಳಿಂದ ಊರಿನ ಸ್ಕೀ ಹಾದಿಯನ್ನು ಒತ್ತಿ ಹದ ಮಾಡುವುದು ವಿಲ್ಯೋನ ಕೆಲಸ. ಆ ಹಾದಿಗೆ ನಾಯಿ ಕಾಲಿಟ್ಟರೂ ಪತ್ರಿಕೆಗೆ ಕಾಗದ ಬರೆಯುವ ಜನ ಅಲ್ಲಿಯವರು. ಅಂಥದ್ದರಲ್ಲಿ ಬೆಳಿಗ್ಗೆ, ಸ್ಕೀ ಸಂಘದ ನಾಲ್ಕು ಜನ ನೋಡುತ್ತಿರುವಾಗಲೇ, ಅವನ ಮಗಳು ಸಾಯ್ಮಿ ದಪ್ಪ ಗಾಲಿಯ ಸೈಕಲ್ ತಂದು ಹಾದಿಗೆ ಇಳಿಸಿದ್ದಳು.

"ಅಂಚಲ್ಲೇ ಹೋಗ್ತೀನಪ್ಪ. ನಿನ್ನ ಹಾದಿ ಹಾಳಾಗಲ್ಲ."

"ಆ ಟ್ರ್ಯಾಕ್ಟರ್ ತಗೊಂಡು ಆಚೆ ನಡಿ. ಜನ ನನ್ನ ಮುಖಕ್ಕೆ ಉಗೀತಾರೆ. ಸ್ಕೀ ಆಡೋಕ್ಕಾಗಲ್ಲ ಅಂದ್ರೆ ಮನೇಲಿ ಕೂತ್ಕೋ."

"ಮಂಡಿ ಕೊಯ್ಸ್ಕೊಂಡು ಎರಡು ವರ್ಷ ಕೂತಿದ್ದು ಸಾಲ್ದಾ? ಇನ್ನೂ ಕೂತ್ರೆ ಹುಚ್ಚು ಹಿಡಿಯುತ್ತೆ ನಂಗೆ."

"ಹಾಗಾದ್ರೆ ಸರೋವರದ ಮೇಲೆ ಹೊಡ್ಕೊಂಡು ಹೋಗು! ಅದು ಯಾರಪ್ಪಂದೂ ಅಲ್ಲ!"

ನಾಲ್ವರೂ ನಕ್ಕಿದ್ದರು. ಸಾಯ್ಮಿ ಮಾತ್ರ ನಗದೆ ಸೈಕಲ್ ತಿರುಗಿಸಿಕೊಂಡು ಹೋಗಿದ್ದಳು. ಈಗ ವಿಲ್ಯೋ ಬಂಡಿಯಿಂದ ಕೆಳಗಿಳಿದ. ಹಿಂದೆ ಕಟ್ಟಿದ್ದ, ಹಾದಿ ಒತ್ತುವ ಭಾರದ ಹಲಗೆಯನ್ನು ಕಳಚಿ ಬಿಸಾಡಿ, ಬಂಡಿಯನ್ನು ಗೆರೆಯ ಬೆನ್ನು ಹತ್ತಿಸಿದ.

ಹಿಮದ ಮೇಲಿನ ಗುರುತು ಓದುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ಗಾಲಿ ಹೂತುಕೊಂಡಿದೆ. ಇಲ್ಲಿ ಇಳಿದಿದ್ದಾಳೆ, ಎಡಗಾಲೇ ಊರಿದ್ದಾಳೆ, ಬಲಗಾಲಿನ ಮಂಡಿಯನ್ನು ಇನ್ನೂ ನಂಬುತ್ತಿಲ್ಲ. ಅಲ್ಲಿಂದ ಮುಂದೆ ಗೆರೆ ಅಗಲವಾಗಿ, ತೇಲಿದಂತೆ ಹೋಗಿದೆ. ಗಾಲಿಯ ಗಾಳಿ ಇಳಿಸಿದ್ದಾಳೆ. ಬುದ್ಧಿವಂತೆ, ಅಂದುಕೊಂಡ ವಿಲ್ಯೋ. ಮರುಕ್ಷಣವೇ, ಬುದ್ಧಿ ಇದ್ದಿದ್ದರೆ ನನ್ನ ಮಾತು ಕೇಳಿ ಇಲ್ಲಿಗೆ ಬರುತ್ತಿದ್ದಳೇ ಎಂದು ಹಲ್ಲು ಕಡಿದ. ಸಿಟ್ಟು ಯಾರ ಮೇಲೆಂದು ಅವನಿಗೇ ಬಗೆಹರಿಯಲಿಲ್ಲ. ಅಷ್ಟರಲ್ಲಿ ಗೆರೆ ಎಡಕ್ಕೆ ಹೊರಳಿತು. ಎಡಕ್ಕೆ ಸರೋವರ ಕಿರಿದಾಗಿ, ಅಡಿಯಲ್ಲಿ ನೀರು ಹರಿಯುತ್ತದೆ. ಸಾಲದ್ದಕ್ಕೆ ಈ ವಾರ ಬಿದ್ದ ಹಿಮ ಮಂಜುಗಡ್ಡೆಗೆ ಕಂಬಳಿ ಹೊದಿಸಿದಂತೆ ಕೂತು, ಚಳಿಯನ್ನು ಕೆಳಗಿಳಿಯಲು ಬಿಟ್ಟಿರಲಿಲ್ಲ; ಅಲ್ಲಿನ ಗಡ್ಡೆ ಇನ್ನೂ ತೆಳುವಾಗಿಯೇ ಇತ್ತು.

ಅವನು ಬಂಡಿಯ ವೇಗ ಇನ್ನೂ ಹೆಚ್ಚಿಸಿದ. ಮುಂದೆ ಗೆರೆ ಬೂದುಬಣ್ಣದ ಒದ್ದೆ ಹಿಮದೊಳಗೆ ನುಗ್ಗಿ ಕಾಣದಾಯಿತು.

"ಸಾಯ್ಮೀ!" ಎಂದು ಕಿರುಚಿದ. ತನ್ನದೇ ದನಿಯ ಗುರುತು ಅವನಿಗೆ ಸಿಗಲಿಲ್ಲ.

"ಅಪ್ಪಾ! ನಿಲ್ಲು! ಬಂಡಿ ನಿಲ್ಸು!"

ಆಚೆ ದಡದಲ್ಲಿ, ಬಿಳಿ ತೊಗಟೆಯ ಭುರ್ಜದ ಮರವೊಂದರ ಕೆಳಗೆ, ಕೆಂಪು ಟೋಪಿ ಕೈ ಬೀಸುತ್ತಿತ್ತು. ಬದುಕಿದ್ದಾಳೆ! ವಿಲ್ಯೋ ಬಂಡಿ ನಿಲ್ಲಿಸಿ, ನಗಬೇಕೋ ಅಳಬೇಕೋ ತಿಳಿಯದೆ ಕೂತ. ಆಗ ಬಂಡಿಯ ಹಿಂಭಾಗ ಮೆಲ್ಲಗೆ ಕುಸಿಯಿತು. ಪ್ರತಿ ವರ್ಷ ಶಾಲೆಗೆ ಹೋಗಿ, ಮನುಷ್ಯನಿಗಾದರೆ ನಾಲ್ಕು ಬೆರಳು ದಪ್ಪದ ಮಂಜುಗಡ್ಡೆ ಸಾಕು, ಬಂಡಿಗೆ ಒಂದು ಗೇಣಾದರೂ ಬೇಕು ಎಂದು ಮಕ್ಕಳಿಗೆ ಪಾಠ ಹೇಳಿ ಬರುವವನು ಅವನೇ. ಮುನ್ನೂರು ಕಿಲೋ ಬಂಡಿಯ ಮೇಲೆ ಕೂತು ಇಲ್ಲಿಯವರೆಗೆ ಬಂದವನೂ ಅವನೇ. ಹಿಂದಿರುಗಿ ನೋಡಿದರೆ ಬಂದ ದಾರಿ ಬಿರುಕು ಬಿಟ್ಟು ನೀರು ಉಕ್ಕುತ್ತಿತ್ತು.

"ಇಳಿ! ಮಲ್ಕೊಂಡು ಬಾ! ನನ್ನ ಸೈಕಲ್ ಹೋದ ಕಡೇನೇ ಬಾ!"

"ಬಂಡಿ ಸಂಘದ್ದು ಕಣೇ!"

"ಸಂಘ ಮುಳುಗ್ಲಿ! ನೀನು ಇಳಿ!"

ವಿಲ್ಯೋ ಇಳಿದ. ಎಪ್ಪತ್ತು ವರ್ಷದ ದೇಹವನ್ನು ಮಗುವಿನಂತೆ ಅಂಬೆಗಾಲಿಗೆ ಒಗ್ಗಿಸಿ, ಆಮೇಲೆ ಹೊಟ್ಟೆಯ ಮೇಲೆ ಎಳೆದುಕೊಂಡು ಹೊರಟ. ಅರ್ಧ ದಾರಿಯಲ್ಲಿ ಮೊಣಕೈ ಕೆಳಗಿನ ಗಡ್ಡೆ ಕಟಕ್ಕೆಂದಿತು. ಬಲಗೈ ಭುಜದವರೆಗೆ ನೀರಿಗಿಳಿಯಿತು. ಚಳಿಗೆ ಉಸಿರೇ ನಿಂತಂತಾಗಿ, ಕೂಗಲೂ ಆಗಲಿಲ್ಲ.

ಎದುರಿನಿಂದ ಸಾಯ್ಮಿ ತೆವಳುತ್ತ ಬಂದಳು. ಅಡ್ಡ ಮಲಗಿಸಿದ ಸೈಕಲ್ಲನ್ನು ಮುಂದೆ ಮುಂದೆ ದೂಡುತ್ತಿದ್ದಳು.

"ಹಿಡ್ಕೋ!"

ಕೈಗೆಟುಕಿದ್ದು ಮುಂದಿನ ಗಾಲಿ. ವಿಲ್ಯೋ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡ. ಹಿಂದಿನ ಗಾಲಿ ಹಿಡಿದು ಸಾಯ್ಮಿ ಎಳೆದಳು. ಪ್ರತಿ ಎಳೆತಕ್ಕೂ ಮಂಡಿಯ ನೋವಿಗೆ ಅವಳು ನರಳುವುದು ಅವನಿಗೆ ಕೇಳಿಸುತ್ತಿತ್ತು. ಬೆನ್ನ ಹಿಂದೆ ಏನೋ ದೊಡ್ಡದು ಗುಳುಗುಳು ಎಂದು ಇಳಿದುಹೋಯಿತು. ಅವನು ತಿರುಗಿ ನೋಡಲಿಲ್ಲ.

ದಡದ ಕಲ್ಲುಗಳ ನಡುವೆ ಇಬ್ಬರೂ ಬಿದ್ದುಕೊಂಡು ಏದುಸಿರು ಬಿಟ್ಟರು.

"ಅಷ್ಟು ಜೋರಾಗಿ ಯಾಕೆ ಬಂದೆ?" ಸಾಯ್ಮಿಯ ಹಲ್ಲು ಕಟಕಟಿಸುತ್ತಿತ್ತು.

"ನಿನ್ನ ಬೈಯೋಕೆ."

"ಬೈ ಮತ್ತೆ."

ವಿಲ್ಯೋ ಗಾಲಿಯನ್ನು ಎದೆಗೆ ಅವಚಿಕೊಂಡ.

"ಸರಿ, ಏಳು. ಮರಗಳಾಚೆ ಕಾಣೋ ಆ ಮನೆಗೆ ಹೋಗಿ ಬಟ್ಟೆ ಬದಲಾಯ್ಸು, ಇಲ್ದಿದ್ರೆ ಹೆಪ್ಪುಗಟ್ಟಿ ಸಾಯ್ತೀಯ." ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. "ಗಾಲಿ ಬಿಡಪ್ಪ. ದಡ ಬಂತು."

"ಇರ್ಲಿ," ಎಂದು ವಿಲ್ಯೋ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.