ನೆಗೆದ ಗೆರೆ

"ಈ ಗೆರೆ ಇಲ್ಲಿ ಯಾಕೆ ಹೀಗೆ ನೆಗೀತು? ಯಾರು ಹೇಳ್ತೀರಿ?"

ಮೇಷ್ಟ್ರು ಕೋಲಿನ ತುದಿಯನ್ನು ಗ್ರಾಫಿನ ನಟ್ಟನಡುವೆ ಊರಿ ಕೇಳಿದರು. ಪಕ್ಕದ ಕುರ್ಚಿಯಲ್ಲಿ ಶಿಕ್ಷಣ ಇಲಾಖೆಯ ಮೇಡಂ ಕೂತಿದ್ದರು. ಶಾಲೆಯ ಜಗುಲಿಯ ಕಂಬಕ್ಕೆ ಥರ್ಮಾಮೀಟರ್ ಕಟ್ಟಿ, ಇಪ್ಪತ್ತೈದು ಬೇಸಿಗೆಯ ಬಿಸಿಯನ್ನು ಮೇಷ್ಟ್ರು ಆ ಹಾಳೆಗೆ ಇಳಿಸಿದ್ದರು. ಮೇಡಂ ಮೆಚ್ಚಿದರೆ ಅದು ವಿಜ್ಞಾನ ಮೇಳಕ್ಕೆ ಹೋಗುತ್ತದೆ. ಮುಂದಿನ ತಿಂಗಳು ಮೇಷ್ಟ್ರಿಗೆ ನಿವೃತ್ತಿ, ಹಾಗಾಗಿ ಇದೇ ಕೊನೆಯ ಅವಕಾಶ. ಹೊಸ ಅಂಗಿ ಬೇರೆ ಹಾಕಿಕೊಂಡು ಬಂದಿದ್ದರು, ಪಾಪ.

ಆ ವರ್ಷ ಸೆಕೆ ಒಮ್ಮೆಲೇ ಏರಿತು ಅನ್ನುವ ಉತ್ತರ ಇಡೀ ಕ್ಲಾಸಿಗೆ ಬಾಯಿಪಾಠ. ಆದರೆ ಕೈ ಎತ್ತಿದ್ದು ಮೂರನೇ ಬೆಂಚಿನ ಹುಡುಗಿ. ಎಲ್ಲದಕ್ಕೂ ಎದುರು ಪ್ರಶ್ನೆ ಹಾಕುವ ಅವಳಿಗೆ ಲಾಯರಮ್ಮ ಅಂತ ಹೆಸರಿಟ್ಟವರು ಮೇಷ್ಟ್ರೇ. ಅವಳ ಕೈ ಕಂಡದ್ದೇ ಅವರು ಬೇರೆ ಬೆಂಚುಗಳ ಕಡೆ ಕಣ್ಣಾಡಿಸಿದರು, ಬೇರೆ ಕೈ ಏಳಲಿಲ್ಲ.

"ಆ ವರ್ಷ ಜಗುಲಿ ಮುಂದಿದ್ದ ಮರ ಕಡಿದ್ರಂತೆ ಸಾರ್. ನಮ್ಮ ಚಿಕ್ಕಮ್ಮ ಆಗ ಇದೇ ಕ್ಲಾಸಲ್ಲಿದ್ರು. ಅಲ್ಲಿ ಸೆಕೆ ನೆಗೆದಿಲ್ಲ. ಥರ್ಮಾಮೀಟರಿಗೆ ನೆರಳು ತಪ್ಪಿದೆ, ಅಷ್ಟೇ."

ಸೈಕಲ್ ನಿಲ್ಲಿಸಲು ಜಾಗ ಬೇಕೆಂದು ಮರ ಕಡಿಸಿದವರು ಸ್ವತಃ ಮೇಷ್ಟ್ರು! ದಿನಾ ಅದೇ ಜಗುಲಿಯಲ್ಲಿ ಓಡಾಡಿದ ಮನುಷ್ಯನಿಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ ನೋಡಿ.

ಹಾಗಾದರೆ ಸೆಕೆ ಏರುತ್ತಿರುವುದೇ ಸುಳ್ಳೇನಮ್ಮ ಅಂತ ಮೇಡಂ ಕೇಳಿದರು. ಲಾಯರಮ್ಮ ಗ್ರಾಫಿನ ಹತ್ತಿರ ಬಂದಳು. ಮರ ಇದ್ದಾಗಲೂ ಗೆರೆ ಮೆಲ್ಲಗೆ ಮೇಲಕ್ಕೇ ಹೋಗಿದೆ, ಮರ ಹೋದ ಮೇಲೂ ಹಾಗೇ ಹೋಗಿದೆ, ಏರಿರುವುದು ನಿಜ, ನಡುವಿನ ಆ ನೆಗೆತ ಮಾತ್ರ ಮರದ ಲೆಕ್ಕಕ್ಕೆ ಅಂತ ಬೆರಳಿಟ್ಟು ತೋರಿಸಿದಳು. ಮಾತು ಎಲ್ಲೂ ತಪ್ಪಲಿಲ್ಲ.

ಮೇಷ್ಟ್ರು ಕಿಟಕಿಯಾಚೆ ಉಳಿದಿದ್ದ ಮರದ ಬೊಡ್ಡೆಯನ್ನು ನೋಡಿದರು, ಗ್ರಾಫನ್ನು ನೋಡಿದರು. ಮುಖ ಸಪ್ಪಗಾಯಿತು. ಆಮೇಲೆ ಏನಾಯಿತೋ, ಸ್ವಂತ ಮಗಳು ಡಾಕ್ಟರಾದಾಗಲೂ ಅವರು ಅಷ್ಟು ಹಿಗ್ಗಿರಲಿಕ್ಕಿಲ್ಲ. ಯಾರಿಗೂ ಮುಟ್ಟಲು ಕೊಡದ ಕೋಲನ್ನು ಅವಳ ಕೈಗಿಟ್ಟು, ಹೋಗಿ ಅವಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು.

"ಈಗ ನಾನು ಮೇಳಕ್ಕೆ ಏನು ತಗೊಂಡು ಹೋಗ್ಲಿ ಮೇಷ್ಟ್ರೇ?" ಮೇಡಂ ಕೇಳಿದರು.

ಮೇಷ್ಟ್ರು ಮಕ್ಕಳ ಹಾಗೆ ಕೈ ಎತ್ತಿ, ಎದ್ದು ನಿಂತರು.

"ಗ್ರಾಫನ್ನ ತಿದ್ದಿ ನಾಳೆ ಕೊಡ್ತೀನಿ ಮೇಡಂ. ಇವಳಲ್ಲಿ ತಿದ್ದೋದೇನೂ ಇಲ್ಲ, ಇವತ್ತೇ ಹೆಸರು ಬರ್ಕೊಳ್ಳಿ."