ಕೇಕಿನ ಮೇಲಿನ ದಿಬ್ಬ

ಪೆಟ್ಟಿಗೆ ತೆರೆಯುವ ಮೊದಲೇ ಕೇಕು ಬಂದಿತ್ತು. ಕಣ ಭೌತವಿಜ್ಞಾನ ಸಂಸ್ಥೆಯ ಲೆಕ್ಕದ ಕೋಣೆಯಲ್ಲಿ ಅದಕ್ಕೊಂದು ಮೇಜು ಬೇರೆ. ಬಿಳಿ ಕೆನೆಯ ಮೇಲೆ ಚಾಕೊಲೇಟಿನ ಸಪಾಟು ಗೆರೆ, ನಡುವೆ ಮುಷ್ಟಿಗಾತ್ರದ ದಿಬ್ಬ, ದಿಬ್ಬದ ನೆತ್ತಿಗೆ ಕೆಂಪು ಚೆರ್ರಿ. ಹಿಂದಿನ ಸಲದ ಅಳತೆಗಳ ನಕ್ಷೆಯಲ್ಲಿ ಸಪಾಟು ಗೆರೆಯ ನಡುವೆ ಕಂಡಿದ್ದ ದಿಬ್ಬ ಅದು. ಹೊಸ ಕಣ ಸಿಕ್ಕಿತೆಂದು ಪತ್ರಿಕೆಗಳು ಕುಣಿದಾಡಿದ್ದು ಅದನ್ನು ನಂಬಿಕೊಂಡೇ.

"ಯಾರಪ್ಪಾ ಇದನ್ನ ತರಿಸಿದ್ದು?" ಎಂದಳು ಮೊಂಡಿ. ಅವಳು ಈ ಪ್ರಯೋಗದ ಲೆಕ್ಕ ನೋಡಿಕೊಳ್ಳುವ ವಿಜ್ಞಾನಿ. ಒಪ್ಪಿಗೆಯಾಗದ ಮಾತಿಗೆ ಯಾರು ಹೇಳಿದರೂ ತಲೆಯಾಡಿಸುತ್ತಿರಲಿಲ್ಲವಾದ್ದರಿಂದ ಜೊತೆಯವರು ಇಟ್ಟ ಹೆಸರು ಅದು.

"ನಾನೇ ಮೇಡಂ. ಫೋಟೋಗೆ ಚೆನ್ನಾಗಿರುತ್ತೆ," ಎಂದ ಪ್ರಚಾರಾಧಿಕಾರಿ. ಅವನಿಗೆ ತುತ್ತೂರಿ ಎಂಬ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಅವಳು ಹೇಳಿದ 'ಇರಬಹುದು' ಎಂಬುದನ್ನು 'ಇದ್ದೇ ಇದೆ' ಎಂದು ತಿರುಚಿ ಊರಿಗೆಲ್ಲ ಡಂಗುರ ಹೊಡೆದ ಪುಣ್ಯಾತ್ಮ ಅವನೇ. ಬೆಳಿಗ್ಗೆ ಅವಳ ಅಪ್ಪ ಬೇರೆ ಫೋನ್ ಮಾಡಿ, "ಬ್ರಹ್ಮಾಂಡದ ಗುಟ್ಟನ್ನ ಇವತ್ತು ನೀನೇ ರಟ್ಟು ಮಾಡ್ತೀಯಂತಲ್ಲಮ್ಮ, ಪೇಪರಲ್ಲಿ ಹಾಕಿದಾರೆ!" ಎಂದು ಹಿಗ್ಗಿದ್ದರು.

ಪೆಟ್ಟಿಗೆ ಎಂದರೆ ಮರದ್ದೇನಲ್ಲ. ಹೊಸ ಅಳತೆಗಳನ್ನು ಯಾರ ಕಣ್ಣಿಗೂ ಬೀಳದಂತೆ ಕಂಪ್ಯೂಟರಿನೊಳಗೆ ಮುಚ್ಚಿಟ್ಟಿರುತ್ತಾರೆ. ಲೆಕ್ಕ ಹಾಕುವ ರೀತಿಯನ್ನೆಲ್ಲ ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಒಂದೇ ಸಲ ತೆರೆಯಬೇಕು. ತೆರೆದ ಮೇಲೆ ಲೆಕ್ಕವನ್ನು ಮುಟ್ಟುವಂತಿಲ್ಲ. ಮನುಷ್ಯನ ಆಸೆ ಒಳಗೆ ಕೈಯಾಡಿಸಬಾರದೆಂದು ಮನುಷ್ಯರೇ ಮಾಡಿಕೊಂಡ ನಿಯಮ.

ನಿರ್ದೇಶಕರು ಕುರ್ಚಿಯ ತುದಿಗೆ ಜರುಗಿದರು. ಮೊಂಡಿ ಗುಂಡಿ ಒತ್ತಿದಳು. ಪರದೆಯ ಮೇಲೆ ಗೆರೆ ಎಡದಿಂದ ಹೊರಟಿತು, ದಿಬ್ಬ ಇರಬೇಕಾದ ಜಾಗಕ್ಕೆ ಬಂತು, ಏನೂ ಆಗದವರ ಹಾಗೆ ಸಪಾಟಾಗಿಯೇ ದಾಟಿಕೊಂಡು ಹೋಯಿತು.

"ಇನ್ನೊಂದ್ಸಲ ನೋಡಮ್ಮ," ಎಂದರು ನಿರ್ದೇಶಕರು. "ಲೆಕ್ಕಾನ ಸ್ವಲ್ಪ ಆ ಕಡೆ ಈ ಕಡೆ ಮಾಡಿದ್ರೆ ಒಂಚೂರಾದ್ರೂ ಏಳಬಹುದು."

"ಏಳಲ್ಲ ಸರ್. ನಾನು ಎಬ್ಬಿಸೋದೂ ಇಲ್ಲ. ಹೋದ್ಸಲ ಕಂಡಿದ್ದು ಬರೀ ಆಕಸ್ಮಿಕ."

"ಇಲ್ಲ ಅಂತ ಯಾಕೆ ಹೇಳ್ಬೇಕು ಮೇಡಂ?" ತುತ್ತೂರಿ ಬೆಣ್ಣೆ ಹಚ್ಚಿದ. "ಕಣ ನಾವಂದ್ಕೊಂಡಿದ್ದಕ್ಕಿಂತ ಚಾಲಾಕಿ ಅನ್ನಿ. ಜನಕ್ಕೂ ಖುಷಿ."

"ಚಾಲಾಕಿ ಇರೋದು ಕಣ ಅಲ್ಲಪ್ಪ."

ನಿರ್ದೇಶಕರ ದನಿ ಗಡುಸಾಯಿತು. "ಹೊಸ ಯಂತ್ರ ಮಂಜೂರು ಮಾಡೋರು ಕೆಳಗಡೆ ಕೂತಿದ್ದಾರೆ. ಇಲ್ಲ ಅಂದ್ಯೋ, ನಾಳೆಯಿಂದ ಈ ಪ್ರಯೋಗದಲ್ಲಿ ನೀನೂ ಇರಲ್ಲ."

ಮೊಂಡಿಗೆ ಭಯವಾಯಿತು. ಅವಳ ಕೂದಲು ನೆರೆತದ್ದು ಈ ಕೋಣೆಯಲ್ಲೇ. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೂ ಕೆಳಗಿಳಿದು, ಕ್ಯಾಮೆರಾಗಳ ಮುಂದೆ ನಿಂತು, "ಹುಡುಕಿದೆವು. ಏನೂ ಇಲ್ಲ," ಎಂದಳು.

ಮುಂದಿನ ಸಾಲಿನ ವರದಿಗಾರ ಎದ್ದು ನಿಂತ. "ಹಾಗಾದ್ರೆ ಮೇಡಂ, ಕಣ ಎಲ್ಲಿಗೆ ಹೋಯ್ತು?"

"ಹೋಗೋಕೆ ಅದು ಬಂದೇ ಇರಲಿಲ್ಲ."

ಅವನು ತಲೆದೂಗಿ ಏನೋ ಬರೆದುಕೊಂಡ. ಬ್ಯಾಗು ತರಲು ಅವಳು ಮೇಲೆ ಬಂದಾಗ ತುತ್ತೂರಿ ಚಾಕುವಿನಿಂದ ಕೇಕಿನ ದಿಬ್ಬವನ್ನು ಹುಷಾರಾಗಿ ಕೊಯ್ದು ಡಬ್ಬಿಗೆ ಹಾಕುತ್ತಿದ್ದ. "ಎಸೆಯೋದ್ಯಾಕೆ ಮೇಡಂ, ಮುಂದಿನ ಸಲಕ್ಕೆ ಮಾದರಿ ಬೇಕಲ್ಲ," ಎಂದು ಹಲ್ಲು ಕಿರಿದು ಅದನ್ನು ಫ್ರಿಜ್ಜಿನೊಳಗೆ ಇಟ್ಟ. ಸಪಾಟಾದ ಕೇಕನ್ನು ಕೆಳಗಿದ್ದವರೆಲ್ಲ ಚಪ್ಪರಿಸಿಕೊಂಡು ತಿಂದರು.

ಮರುದಿನ ಪತ್ರಿಕೆಯ ಮುಖಪುಟದಲ್ಲಿ ಅವಳ ಫೋಟೋ, ಮೇಲೆ ದಪ್ಪಕ್ಷರ: 'ಸಿಕ್ಕಿದ್ದ ಕಣ ಮಾಯ! ವಿಜ್ಞಾನ ಲೋಕ ತಲ್ಲಣ!' ಅಪ್ಪನ ಫೋನು ಬಂತು. "ಗಾಬರಿ ಆಗ್ಬೇಡ ಮಗಳೇ. ಎಲ್ಲಿಟ್ಟಿದ್ದೆ ಅಂತ ನಿಧಾನವಾಗಿ ನೆನಪು ಮಾಡ್ಕೊ." ಮೈಯೆಲ್ಲ ಉರಿದುಹೋಯಿತು ಅವಳಿಗೆ. ತನ್ನ ಸಾಮಾನು ಕಟ್ಟಿಕೊಂಡು ಬರೋಣವೆಂದು ಸಂಸ್ಥೆಗೆ ಹೋದರೆ, ನಿರ್ದೇಶಕರು ಬಾಗಿಲಿಗೇ ಎದುರು ಬಂದರು. ಮುಖ ಅರಳಿತ್ತು. ಹಿಂದೆಯೇ ತುತ್ತೂರಿ, ಕಂಕುಳಲ್ಲಿ ಪತ್ರಿಕೆಗಳ ಕಟ್ಟು.

"ಎಲ್ಲಿಗಮ್ಮ ಹೋಗ್ತೀಯಾ? ಯಂತ್ರ ಮಂಜೂರಾಯ್ತು! ಕಳೆದುಹೋದ ಕಣಾನ ಹುಡುಕೋಕೆ ಅಂತಲೇ ಕೊಟ್ಟಿದ್ದಾರೆ. ಹುಡುಕಾಟದ ಮುಖ್ಯಸ್ಥೆ ನೀನೇ."

ಮೊಂಡಿ ಸೀದಾ ಮೆಟ್ಟಿಲು ಹತ್ತಿದಳು. ಲೆಕ್ಕದ ಕೋಣೆಗೆ ಹೋಗಿ ತುತ್ತೂರಿ ಇಟ್ಟಿದ್ದ ಡಬ್ಬಿ ತಂದು, ನಿರ್ದೇಶಕರ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಕೆನೆ ಒಂದು ಪಕ್ಕಕ್ಕೆ ಕುಸಿದಿತ್ತು. ಚೆರ್ರಿ ಮಾತ್ರ ಇನ್ನೂ ನೆತ್ತಿಯ ಮೇಲೇ ಕೂತಿತ್ತು.

"ಯಂತ್ರ ಬೇಡ ಅಂತ ಹೇಳಿಬಿಡಿ ಸರ್," ಎಂದಳು. "ಕಣ ಫ್ರಿಜ್ಜಲ್ಲೇ ಇತ್ತು."