ಹಸಿರು ಗುಂಡಿ

ಸಂಖ್ಯೆ 40817 ಯಂತ್ರವಲ್ಲ, ಮನುಷ್ಯರೇ. ಅವಳಿಗೆ ಅನುಮಾನ ಉಳಿಯಲಿಲ್ಲ.

ಆ ಸಂಖ್ಯೆಯ ದೂರುಗಳು ಒಂದು ದಿನ ಬೆಳಗ್ಗೆ ಆರೂಕಾಲಿಗೆ ಶುರುವಾಗಿದ್ದವು, ಇನ್ನೊಂದು ದಿನ ಆರೂವರೆಗೆ. ನಡುವೆ ಹತ್ತು ನಿಮಿಷ ಬಿಡುವು, ಕಾಫಿಗೆ ಎದ್ದಿರಬೇಕು. ಗುರುವಾರ ಮಾತ್ರ ಒಂದೂ ಇಲ್ಲ. ಯಂತ್ರಕ್ಕೆ ವಾರದ ರಜೆ ಕೊಡುವವರು ಯಾರು? ಅವಳು ಹಸಿರು ಗುಂಡಿ ಒತ್ತಿದಳು.

"ಈ ಸ್ಪ್ಯಾಮ್ ಕಳಿಸೋರ ಮನೆ ಹಾಳಾಗ," ಎಂದು ಜೊತೆಗೊಂದು ಶಾಪವನ್ನೂ ಸೇರಿಸಿದಳು. ಪಕ್ಕದ ಮೇಜಿನವರು ನಕ್ಕರು. ಆ ಕಚೇರಿಯಲ್ಲಿ ಅವಳಿಗೆ ಮೆಣಸಿನಕಾಯಿ ಎಂದು ಅಡ್ಡಹೆಸರು.

ಮೂರನೇ ಮಹಡಿ, ಎಂಟು ಮೇಜು, ಕೆಳಗೆ ಬಾಗಿಲಲ್ಲಿ ಬೋರ್ಡು ಕೂಡ ಇಲ್ಲ. "ಸ್ಪ್ಯಾಮಿಂದ ರೋಸಿಹೋದ ಜನ ಬಂದು ಬಾಗಿಲು ಬಡೀತಾರೆ ಮೇಡಂ, ಬೋರ್ಡ್ ಯಾಕೆ ಬೇಕು?" ಎಂದಿದ್ದರು ಮೇಲ್ವಿಚಾರಕರು, ಎರಡು ತಿಂಗಳ ಹಿಂದೆ, ಅವಳು ಕೆಲಸಕ್ಕೆ ಸೇರಿದ ದಿನ. ಕೆಲಸ ಸರಳ. ದೂರು ಕೊಡುವ ತಂತ್ರಾಂಶಗಳು ದಿನಕ್ಕೆ ಸಾವಿರಗಟ್ಟಲೆ ದೂರು ಕಳಿಸುತ್ತವೆ. ದೂರು ಕೊಟ್ಟವರ ಹೆಸರು, ವಿಳಾಸ ಅಳಿಸಿಯೇ ಕಳಿಸುತ್ತವೆ. ಉಳಿಯುವುದು ಒಂದು ಸಂಖ್ಯೆ ಮಾತ್ರ. ಅದರ ಹಿಂದೆ ಬರೀ ಯಂತ್ರವಿದ್ದರೆ ಕೆಂಪು ಗುಂಡಿ. ಕೂತು ನೋಡುವ ಜೀವವೊಂದಿದ್ದರೆ ಹಸಿರು.

"ಯಂತ್ರದ ದೂರು ಕಟ್ಟಿಕೊಂಡು ಏನ್ಮಾಡೋದು? ನಮಗೆ ಜೀವಂತ ಜನ ಬೇಕು. ದಿನಾ ಮೇಲ್ ತೆರೆದು ನೋಡೋರು," ಎಂದಿದ್ದರು ಮೇಲ್ವಿಚಾರಕರು.

"ಹಸಿರು ಒತ್ತಿದ ಮೇಲೆ ಏನಾಗುತ್ತೆ ಸಾರ್?"

"ಅಂಥವರ ಕಡೆ ವಿಶೇಷ ಗಮನ ಕೊಡ್ತೀವಿ."

ಅಷ್ಟು ಕೇಳಿದ್ದೇ ಅವಳಿಗೆ ಸಾಕಾಗಿತ್ತು. ಗುರುವಾರ ಅಮ್ಮನನ್ನು ಮಂಡಿಯ ವ್ಯಾಯಾಮಕ್ಕೆ ಕರೆದೊಯ್ದು, ಮನೆಗೆ ತಂದು ಮಲಗಿಸಿ ಎರಡು ಗಂಟೆ ತಡವಾಗಿ ಬಂದರೂ ಎಲ್ಲರಿಗಿಂತ ಹೆಚ್ಚು ಹಸಿರು ಅವಳದೇ. ಅವಳಿಗೆ ಅದು ಹೊಟ್ಟೆಪಾಡಿನ ಕೆಲಸವಾಗಿರಲಿಲ್ಲ, ಹಗೆ ತೀರಿಸಿಕೊಳ್ಳುವ ಕೆಲಸವಾಗಿತ್ತು.

ಹಗೆಗೆ ಕಾರಣವಿತ್ತು. ಅವಳ ತಮ್ಮ ಸರಕು ಹಡಗಿನಲ್ಲಿ ಅಡುಗೆಯವನು. ನಡುಗಡಲಲ್ಲಿ ಅವನಿಗೆ ಫೋನಿಲ್ಲ. ವಾರಕ್ಕೊಂದು ಇಮೇಲ್, ಅದೂ ಹಡಗಿನ ಕಂಪನಿಯ ಮೂಲಕ. ಅಮ್ಮನ ವಾರವೆಲ್ಲ ಆ ನಾಲ್ಕು ಸಾಲಿಗಾಗಿ ಕಾಯುವುದರಲ್ಲೇ ಕಳೆಯುತ್ತಿತ್ತು. ಅದರ ಸುತ್ತ ಬೋಳುತಲೆಯ ಎಣ್ಣೆ, ತೂಕ ಇಳಿಸುವ ಮಾತ್ರೆ, ಗೆಲ್ಲದ ಲಾಟರಿಯ ಅಭಿನಂದನೆ, ದಿನಕ್ಕೆ ಇಪ್ಪತ್ತು. ಅವಳೇ ಹುಡುಕಿ ಅಮ್ಮನ ಕಂಪ್ಯೂಟರಿಗೆ ದೂರಿನ ತಂತ್ರಾಂಶ ಹಾಕಿಕೊಟ್ಟಳು. ಮೇಲ್ ತೆರೆದಾಗಲೆಲ್ಲ ಒಮ್ಮೆ ಒತ್ತಿದರೆ ಸಾಕು, ತನಗೆ ಸ್ಪ್ಯಾಮ್ ಎನಿಸಿದ್ದನ್ನೆಲ್ಲ ಅದು ಗುಡಿಸಿ, ಎಲ್ಲಿಗೆ ದೂರು ಕೊಡಬೇಕೋ ಅಲ್ಲಿಗೆ ತಾನೇ ಕೊಡುತ್ತಿತ್ತು.

"ಸೊಳ್ಳೆ ಹೊಡೆದಷ್ಟು ಸಮಾಧಾನ ಕಣೇ," ಎಂದಿದ್ದಳು ಅಮ್ಮ.

ಸೊಳ್ಳೆ ಕಡಿಮೆಯಾಗಲಿಲ್ಲ. ಇಪ್ಪತ್ತು ಇದ್ದದ್ದು ಅರವತ್ತಾಯಿತು, ಈಗ ಮುನ್ನೂರು. ತಮ್ಮನ ಪತ್ರ ಬಂದು ಏಳು ವಾರವಾಗಿತ್ತು.

"ಕೆಟ್ಟ ಸುದ್ದಿ ಆಗಿದ್ರೆ ಇಷ್ಟೊತ್ತಿಗೆ ಬಂದಿರ್ತಿತ್ತು, ಅಲ್ವೇನೇ?" ಅಮ್ಮ ಪ್ರತಿ ಸಂಜೆ ಇದನ್ನೇ ಕೇಳುತ್ತಿದ್ದಳು. ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದಳು.

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಆ ದಿನ ಮಧ್ಯಾಹ್ನ ಕಚೇರಿಯ ಮೆಟ್ಟಿಲ ಬಳಿ ನಿಂತು ಹಡಗಿನ ಕಂಪನಿಗೆ ಫೋನು ಹಚ್ಚಿದಳು, ಜಗಳಕ್ಕೆ ಸಿದ್ಧಳಾಗಿಯೇ.

ಅಲ್ಲಿದ್ದ ಗುಮಾಸ್ತರು ಸಾವಧಾನದ ಮನುಷ್ಯ. "ನಿಮ್ಮ ತಮ್ಮ ಚೆನ್ನಾಗಿದ್ದಾರಮ್ಮ. ವಾರವಾರ ಬರೀತಿದ್ದಾರೆ. ನಾವೇ ಕಳಿಸ್ತಿಲ್ಲ."

"ಯಾಕ್ರೀ ಕಳಿಸಲ್ಲ? ನಿಮ್ಮ ಮನೇಲಿ ತಾಯಿ ಇಲ್ವಾ?"

"ನಿಮ್ಮ ತಾಯಿ ಕಡೆಯಿಂದಲೇ ದೂರು ಬಂದಿದೆಯಮ್ಮ, ನಮ್ಮ ಪತ್ರ ಸ್ಪ್ಯಾಮ್ ಅಂತ. ನೂರು ಜನರ ಪತ್ರ ಒಟ್ಟಿಗೆ ಕಳಿಸ್ತೀವಲ್ಲ, ಆ ದೂರು ಕೊಡೋ ತಂತ್ರಾಂಶ ಅದನ್ನ ನೋಡಿ ಮೋಸ ಹೋಗುತ್ತೆ. ಮೂರು ದೂರು ಬಂದರೆ ನಮ್ಮಲ್ಲಿ ಆ ವಿಳಾಸ ತಾನಾಗೇ ಮುಚ್ಚಿಹೋಗುತ್ತೆ."

"ದೂರಿನಲ್ಲಿ ಹೆಸರೇ ಇರಲ್ಲ. ಅಮ್ಮನದೇ ಅಂತ ಹೇಗೆ ಹೇಳ್ತೀರಿ?"

"ಹೆಸರು ಯಾಕೆ? ಯಾರಿಗೆ ಕಳಿಸಿದ್ದು ಅಂತ ತಿಳಿಯೋಕೆ ಕಳಿಸೋರೇ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಾಕಿರ್ತಾರೆ. ಪತ್ರದ ಕೊನೇಲಿ, ಬೂದು ಬಣ್ಣದಲ್ಲಿ, ಸಣ್ಣಗೆ. ಅದು ಕಳಿಸಿದೋರಿಗೆ ಬಿಟ್ಟರೆ ಇನ್ಯಾರಿಗೂ ಉಪಯೋಗ ಇಲ್ಲ. ದೂರಿಗೆ ಹೋದ ಮೂರನ್ನೂ ಸೇರಿಸಿ ಇವತ್ತೇ ಎಲ್ಲಾ ಪತ್ರ ಕಳಿಸ್ತೀನಿ, ತಾಯಿಗೆ ಹೇಳಿ."

ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ. ಮಗನ ಪತ್ರವನ್ನೂ ಬೋಳುತಲೆಯ ಎಣ್ಣೆಯನ್ನೂ ಒಂದೇ ಪೊರಕೆಯಲ್ಲಿ ಗುಡಿಸಿದ್ದ ಆ ತಂತ್ರಾಂಶದ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಅದನ್ನು ತಂದು ಹಾಕಿದ ತನ್ನ ಮೇಲೂ ಉರಿಯಿತು. ಅರ್ಧ ದಿನ ರಜೆ ಬರೆದು ಮನೆಗೆ ಬಂದವಳು ಮೊದಲು ಅದನ್ನು ಕಿತ್ತೆಸೆದಳು.

ನಾಲ್ಕು ಗಂಟೆಗೆ ಏಳು ಪತ್ರ ಒಟ್ಟಿಗೆ ಬಂದವು. ಅಮ್ಮ ಒಂದೊಂದನ್ನೂ ಎರಡೆರಡು ಸಲ ಓದಿಸಿದಳು. ತಮ್ಮನಿಗೆ ನೆಗಡಿಯಾಗಿ ವಾಸಿಯಾಗಿತ್ತು. ಹಡಗಿನಲ್ಲಿ ಈರುಳ್ಳಿ ಮುಗಿದಿತ್ತು. ಕೊನೆಯ ಪತ್ರದಲ್ಲಿ, "ಅಮ್ಮ ಯಾಕೆ ಉತ್ತರ ಬರೀತಿಲ್ಲ, ನನ್ನ ಮೇಲೆ ಕೋಪಾನಾ?" ಎಂದಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಹಾಳು ಸ್ಪ್ಯಾಮ್ ಕಳಿಸೋರನ್ನ ಸುಮ್ನೆ ಬಿಡಬೇಡ. ನಿಮ್ಮ ಆಫೀಸಿನೋರಿಗೆ ಹೇಳು, ಹಿಡೀಲಿ."

"ಹೇಳ್ತೀನಮ್ಮ. ನಾಳೆನೇ ಹೇಳ್ತೀನಿ."

ಪತ್ರದ ಕೊನೆಗೆ ಗುಮಾಸ್ತರು ಹೇಳಿದ ಬೂದು ಸಂಖ್ಯೆ ಇತ್ತು, ಹಡಗಿನ ಕಂಪನಿಯದು. ಆ ಕಳ್ಳರೂ ಹೀಗೇ ಹಾಕಿದ್ದರೆ ಅದನ್ನೇ ಹಿಡಿದು ಮೂಲ ಹುಡುಕಬಹುದೆಂದು ಅವಳು ಎಣ್ಣೆಯ ಜಾಹೀರಾತು ತೆರೆದು ಕೆಳಗಿಳಿಸಿದಳು. ಆಮೇಲೆ ಮಾತ್ರೆಯದು. ಆಮೇಲೆ ಲಾಟರಿಯದು.

ಮೂರರ ತುದಿಯಲ್ಲೂ, ಬೂದು ಬಣ್ಣದಲ್ಲಿ, ಸಣ್ಣಗೆ, ಒಂದೇ ಸಂಖ್ಯೆ: 40817.